ಮಗು ಬೆರಳು ತೋರಿಸುತ್ತಿದೆಯೇ? ಆಟಿಸಂ ಅನ್ನು ಬೇಗ ಗುರುತಿಸಲು ಪೋಷಕರಿಗೊಂದು ಕೈಪಿಡಿ

ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಅಂಗಳದ ಕಾಗೆಯನ್ನು ತೋರಿಸುತ್ತ ತುತ್ತು ಉಣಿಸುವುದು ನಮ್ಮ ಮನೆಗಳಲ್ಲಿ ಯಾರೂ ಹೇಳಿಕೊಡದೆಯೇ ಬಂದ ರೂಢಿ. ಹದಿನೈದು ತಿಂಗಳ ಮಗು ಕಾಗೆಯನ್ನು ನೋಡುತ್ತದೆ, ಅದರತ್ತ ಬೆರಳು ಚಾಚುತ್ತದೆ, ಮರುಕ್ಷಣ ಹೊರಳಿ ಅಮ್ಮನ ಮುಖ ನೋಡುತ್ತದೆ. ‘ನೀನೂ ನೋಡಿದೆಯಾ?’ ಎಂಬ ಪ್ರಶ್ನೆ ಆ ಹೊರಳುನೋಟದಲ್ಲಿದೆ. ಮಾತು ಬರುವುದಕ್ಕೆ ಎಷ್ಟೋ ಮೊದಲೇ ಮಗು ತನ್ನ ಅಚ್ಚರಿಯನ್ನು ಇನ್ನೊಬ್ಬರೊಡನೆ ಹಂಚಿಕೊಳ್ಳುವ ಈ ಕ್ರಿಯೆಯನ್ನು ತಜ್ಞರು ‘ಜಂಟಿ ಗಮನ’ ಎಂದು ಕರೆಯುತ್ತಾರೆ. ಆಟಿಸಂ ಇರುವ ಬಹಳಷ್ಟು ಮಕ್ಕಳಲ್ಲಿ ಮೊದಲು ಕಡಿಮೆಯಾಗಿ ಕಾಣುವುದು ಇದೇ.

ಆದರೆ ಹೆಚ್ಚಿನ ತಂದೆತಾಯಿ ವೈದ್ಯರ ಬಳಿಗೆ ಬರುವುದು ‘ಮಗುವಿಗೆ ಇನ್ನೂ ಮಾತು ಬಂದಿಲ್ಲ’ ಎಂಬ ದೂರಿನೊಂದಿಗೆ, ಅದೂ ಎರಡೂವರೆ ಮೂರು ವರ್ಷ ತುಂಬಿದ ಮೇಲೆ. ಮಾತನ್ನೇ ಕಾಯುತ್ತ ಕುಳಿತರೆ, ಮಾತಿಗೆ ಮೊದಲು ಬರಬೇಕಾದ ನೋಟ, ನಗು, ಸನ್ನೆ, ಅನುಕರಣೆಗಳು ಬಂದಿವೆಯೇ ಎಂಬುದು ಕಣ್ಣಿಗೆ ಬೀಳುವುದೇ ಇಲ್ಲ. ಏನನ್ನು, ಯಾವ ವಯಸ್ಸಿನಲ್ಲಿ, ಹೇಗೆ ಗಮನಿಸಬೇಕು, ಅನುಮಾನ ಬಂದ ಮೇಲೆ ಎಲ್ಲಿಗೆ ಹೋಗಬೇಕು ಮತ್ತು ಕಾಯುವ ದಿನಗಳಲ್ಲಿ ಮನೆಯಲ್ಲಿ ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಆಟಿಸಂ ಎಂದರೆ ಏನು

ಕನ್ನಡದಲ್ಲಿ ಇದನ್ನು ಸ್ವಲೀನತೆ ಎಂದು ಬರೆಯುವುದುಂಟು. ಆದರೆ ‘ತನ್ನಲ್ಲೇ ಲೀನವಾದ ಮಗು’ ಎಂಬ ಅರ್ಥ ಕೊಡುವ ಆ ಪದ ಸ್ವಲ್ಪ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅನಿಸಿಕೆ. ಈ ಮಕ್ಕಳಲ್ಲಿ ಅನೇಕರಿಗೆ ಅಪ್ಪ ಅಮ್ಮನ ಮೇಲೆ ಅಪಾರ ಪ್ರೀತಿಯಿದೆ, ಅಪ್ಪಿಕೊಳ್ಳುವ ಮಕ್ಕಳೂ ಇದ್ದಾರೆ. ಹಾಗಾಗಿ ‘ನಮ್ಮ ಮಗು ನಮ್ಮನ್ನು ಹಚ್ಚಿಕೊಂಡಿದೆ, ಆದ್ದರಿಂದ ಆಟಿಸಂ ಇರಲಾರದು’ ಎಂಬ ತರ್ಕ ಸರಿಯಲ್ಲ.

1943ರಲ್ಲಿ ಅಮೆರಿಕದಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಕುರಿತು ಬರೆದ ಪ್ರಬಂಧದಿಂದ ಈ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಪ್ರತ್ಯೇಕ ಗುರುತು ಸಿಕ್ಕಿತು. ಇದರ ಬಗೆಗಳಿಗಿದ್ದ ಆಸ್ಪರ್ಜರ್ ಮೊದಲಾದ ಬೇರೆ ಬೇರೆ ಹೆಸರುಗಳನ್ನೆಲ್ಲ 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಒಂದೇ ಹೆಸರಿನಡಿ ತಂದಿತು. ಈಗ ತಜ್ಞರು ಎರಡು ಸಂಗತಿಗಳನ್ನು ನೋಡುತ್ತಾರೆ. ಒಂದು, ಇತರರೊಡನೆ ಬೆರೆಯುವ, ಸಂವಹನ ನಡೆಸುವ ರೀತಿಯಲ್ಲಿ ನಿರಂತರವಾಗಿ ಕಾಣುವ ತೊಡಕು. ಎರಡು, ಮರುಕಳಿಸುವ ನಡವಳಿಕೆಗಳು ಮತ್ತು ಸೀಮಿತ ಆಸಕ್ತಿಗಳು. ಕೈ ಪಟಪಟ ಬಡಿಯುವುದು, ಆಟದ ಕಾರನ್ನು ಓಡಿಸುವ ಬದಲು ಅದರ ಚಕ್ರವನ್ನೇ ತಿರುಗಿಸುತ್ತ ಕೂರುವುದು, ಚಪ್ಪಲಿಗಳನ್ನೋ ಡಬ್ಬಿಗಳನ್ನೋ ಸಾಲಾಗಿ ಜೋಡಿಸುವುದು, ದಿನಚರಿ ಕೊಂಚ ಬದಲಾದರೂ ತೀವ್ರವಾಗಿ ಕಂಗೆಡುವುದು ಇವೆಲ್ಲ ಇದರಲ್ಲಿ ಸೇರುತ್ತವೆ. ಸಂವೇದನೆಯ ವ್ಯತ್ಯಾಸವೂ ಈ ಎರಡನೆಯ ಗುಂಪಿನದೇ. ಮಿಕ್ಸಿಯ ಸದ್ದಿಗೆ, ಕುಕ್ಕರಿನ ಸೀಟಿಗೆ ಕಿವಿ ಮುಚ್ಚಿಕೊಂಡು ಓಡುವ ಮಗುವೇ ಬಿದ್ದು ಮಂಡಿ ತರಚಿದಾಗ ಅಳದೆ ಎದ್ದು ಹೋಗಬಹುದು.

ಇದೊಂದು ವ್ಯಾಪ್ತಿ. ಒಂದು ತುದಿಯಲ್ಲಿ ಜೀವನದುದ್ದಕ್ಕೂ ನೆರವು ಬೇಕಾಗುವ ಮಕ್ಕಳಿದ್ದಾರೆ. ಇನ್ನೊಂದು ತುದಿಯಲ್ಲಿ ಓದಿ, ಉದ್ಯೋಗ ಹಿಡಿದು, ಸ್ವತಂತ್ರವಾಗಿ ಬದುಕುವವರಿದ್ದಾರೆ. ಬುದ್ಧಿಶಕ್ತಿಯೂ ಮಗುವಿನಿಂದ ಮಗುವಿಗೆ ಬೇರೆ. ಎರಡು ವರ್ಷದ ಮಗುವನ್ನು ನೋಡಿ ಇಪ್ಪತ್ತು ವರ್ಷಗಳ ಮುಂದಿನದನ್ನು ಯಾರೂ ಖಚಿತವಾಗಿ ಹೇಳಲಾರರು, ಹೇಳುವವರ ಮಾತನ್ನು ನಂಬಬೇಕಾಗಿಯೂ ಇಲ್ಲ.

ಗಮನಿಸುವುದು ಹೇಗೆ

ಮಗುವನ್ನು ಪರೀಕ್ಷೆಗೆ ಕೂರಿಸಿದಂತೆ ಗಮನಿಸಬಾರದು. ಸ್ನಾನ, ಊಟ, ಆಟ, ನಿದ್ದೆಗೆ ಮೊದಲಿನ ಹೊತ್ತು, ಇಂಥ ದಿನನಿತ್ಯದ ಸಂದರ್ಭಗಳಲ್ಲೇ ಬೇಕಾದ ಎಲ್ಲ ಸುಳಿವುಗಳೂ ಸಿಗುತ್ತವೆ. ಒಂದೇ ದಿನದ ನಡವಳಿಕೆಯಿಂದ ತೀರ್ಮಾನಕ್ಕೆ ಬರದೆ, ಎರಡು ಮೂರು ವಾರ ನೋಡಿ, ತೋಚಿದ್ದನ್ನು ದಿನಾಂಕದೊಂದಿಗೆ ಒಂದು ಪುಸ್ತಕದಲ್ಲಿ ಬರೆದಿಡಿ.

ಎರಡು ಮೂರು ತಿಂಗಳಿನಲ್ಲಿ ಮುಖ ನೋಡಿ ನಗುವ ಮಗು, ಒಂಬತ್ತು ತಿಂಗಳ ಹೊತ್ತಿಗೆ ನಿಮ್ಮ ನಗುವಿಗೆ ನಗುವನ್ನೂ ಸದ್ದಿಗೆ ಸದ್ದನ್ನೂ ಮರಳಿಸಬೇಕು. ಒಂಬತ್ತರಿಂದ ಹನ್ನೆರಡು ತಿಂಗಳ ನಡುವೆ, ಹೆಸರು ಹಿಡಿದು ಕರೆದರೆ ತಿರುಗಿ ನೋಡಬೇಕು. ಇದನ್ನು ನೋಡುವ ಕ್ರಮ ಹೀಗೆ: ಮಗು ಆಟದಲ್ಲಿರುವಾಗ ಅದರ ಹಿಂದೆ ನಿಂತು, ಚಪ್ಪಾಳೆ ತಟ್ಟದೆ, ಮುಟ್ಟದೆ, ಸಹಜ ಧ್ವನಿಯಲ್ಲಿ ಹೆಸರು ಕರೆಯಿರಿ. ಬೇರೆ ಬೇರೆ ಹೊತ್ತಿನಲ್ಲಿ ಹಲವು ಬಾರಿ ಕರೆದರೂ ತಿರುಗದ ಮಗು, ಪಕ್ಕದ ಕೋಣೆಯಲ್ಲಿ ಬಿಸ್ಕತ್ತಿನ ಪೊಟ್ಟಣದ ಸದ್ದಾದರೆ ಅಥವಾ ಟಿವಿಯಲ್ಲಿ ಪರಿಚಿತ ಜಾಹೀರಾತು ಬಂದರೆ ಓಡಿ ಬರುತ್ತದೆಯಾದರೆ ಅದನ್ನು ಬರೆದಿಟ್ಟುಕೊಳ್ಳಿ. ಕಿವಿ ಕೇಳುತ್ತಿದೆ ಎಂಬುದಕ್ಕೆ ಅದೊಂದು ಸೂಚನೆ. ಆದರೂ ಶ್ರವಣ ಪರೀಕ್ಷೆಯನ್ನು ಬಿಡುವಂತಿಲ್ಲ, ಆ ಮಾತಿಗೆ ಮುಂದೆ ಬರುತ್ತೇನೆ.

ವರ್ಷ ತುಂಬುವಾಗ ‘ಬಾಬಾ, ದಾದಾ’ ಎಂಬ ತೊದಲು, ಟಾಟಾ ಮಾಡುವುದು, ಎತ್ತಿಕೊಳ್ಳಲು ಕೈ ಚಾಚುವುದು, ಕೈಮುಗಿಯುವುದನ್ನು ನೋಡಿ ಕೈಮುಗಿಯುವುದು ಬಂದಿರಬೇಕು. ಹದಿನಾರು ತಿಂಗಳಿಗೆ ಒಂದಾದರೂ ಅರ್ಥವುಳ್ಳ ಪದ ಇರಬೇಕು. ಹದಿನೆಂಟು ತಿಂಗಳು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮಹತ್ವದ ಘಟ್ಟ. ಈ ವಯಸ್ಸಿನ ಮಗು ಎರಡು ಬಗೆಯಲ್ಲಿ ಬೆರಳು ತೋರುತ್ತದೆ. ಶೆಲ್ಫಿನ ಮೇಲಿನ ಬಾಳೆಹಣ್ಣು ಬೇಕೆಂದು ತೋರುವುದು ಒಂದು, ಆಕಾಶದ ಚಂದಮಾಮನನ್ನು ನಿಮಗೆ ತೋರಿಸಲೆಂದೇ ತೋರುವುದು ಇನ್ನೊಂದು. ಎರಡನೆಯದು ಇದೆಯೇ ಎಂದು ವಿಶೇಷವಾಗಿ ನೋಡಿ. ಬೇಕಾದುದನ್ನು ಬೆರಳಿನಿಂದ ತೋರಿಸದೆ, ದೊಡ್ಡವರ ಕೈಯನ್ನೇ ಒಂದು ಸಲಕರಣೆಯಂತೆ ಹಿಡಿದೆಳೆದು ವಸ್ತುವಿನ ಮೇಲಿಡುವುದು, ಹಾಗೆ ಮಾಡುವಾಗ ಮುಖದತ್ತ ನೋಡದಿರುವುದು ಗಮನಾರ್ಹ ಲಕ್ಷಣ. ಖಾಲಿ ಲೋಟದಿಂದ ಕುಡಿದಂತೆ ನಟಿಸುವುದು, ಗೊಂಬೆಗೆ ಉಣಿಸುವುದು, ಕಡ್ಡಿಯನ್ನು ಕಿವಿಗಿಟ್ಟು ‘ಹಲೋ’ ಎನ್ನುವುದು ಮುಂತಾದ ನಟನೆಯ ಆಟಗಳೂ ಈ ಹೊತ್ತಿಗೆ ಮೊಳೆಯುತ್ತವೆ. ಎರಡು ವರ್ಷಕ್ಕೆ ‘ಅಮ್ಮ ಬಾ’, ‘ಹಾಲು ಬೇಕು’ ಎಂದು ತಾನಾಗಿಯೇ ಎರಡು ಪದ ಕೂಡಿಸಬೇಕು. ಜಾಹೀರಾತಿನ ಸಾಲುಗಳನ್ನೋ ಇಂಗ್ಲಿಷ್ ಅಕ್ಷರಮಾಲೆಯನ್ನೋ ಪೂರ್ತಿ ಒಪ್ಪಿಸುವ ಮಗು ನೀರು ಬೇಕಾದಾಗ ಕೇಳಲಾರದಿದ್ದರೆ, ಆ ಒಪ್ಪಿಸುವಿಕೆಯನ್ನು ಸಂವಹನವೆಂದು ಲೆಕ್ಕ ಹಿಡಿಯಬಾರದು.

ಯಾವ ವಯಸ್ಸಿನಲ್ಲೇ ಆಗಲಿ, ಬಂದಿದ್ದ ಮಾತೋ ಸನ್ನೆಯೋ ಹೊರಟುಹೋದರೆ ಒಂದು ವಾರವೂ ಕಾಯಬೇಡಿ. ಆಟಿಸಂ ಇರುವ ಮಕ್ಕಳಲ್ಲಿ ಸುಮಾರು ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಮಂದಿ, ಹೆಚ್ಚಾಗಿ 15ರಿಂದ 24 ತಿಂಗಳ ನಡುವೆ, ಹೀಗೆ ಕಲಿತದ್ದನ್ನು ಕಳೆದುಕೊಳ್ಳುತ್ತಾರೆ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಗಂಡುಮಕ್ಕಳಲ್ಲಿ ಆಟಿಸಂ ಪತ್ತೆಯಾಗುವುದು ಹೆಣ್ಣುಮಕ್ಕಳಿಗಿಂತ ಮೂರು ನಾಲ್ಕು ಪಟ್ಟು ಹೆಚ್ಚು. ಆದರೆ ಹುಡುಗಿಯರು ಇತರರನ್ನು ನೋಡಿ ಅನುಕರಿಸಿ ತಮ್ಮ ಕಷ್ಟವನ್ನು ಮರೆಮಾಚುವುದರಿಂದ, ‘ನಾಚಿಕೆ ಸ್ವಭಾವ, ಶಾಂತ ಹುಡುಗಿ’ ಎಂಬ ಮೆಚ್ಚುಗೆಯ ಹಿಂದೆ ಎಷ್ಟೋ ಮಂದಿ ಗುರುತಿಗೆ ಸಿಗದೆ ಉಳಿಯುತ್ತಾರೆ.

‘ಅವರಪ್ಪನಿಗೂ ತಡವಾಗಿಯೇ ಮಾತು ಬಂತು’

ಅನುಮಾನವನ್ನು ಮನೆಯಲ್ಲಿ ಬಾಯಿಬಿಟ್ಟ ತಾಯಿಗೆ ಮೊದಲು ಸಿಗುವ ಉತ್ತರ ಇದು. ಗಂಡುಮಕ್ಕಳಿಗೆ ಮಾತು ನಿಧಾನ ಎನ್ನುತ್ತಾರೆ. ಬಜೆ ತೇಯ್ದು ನಾಲಿಗೆಗೆ ಹಚ್ಚಲು ಹೇಳುತ್ತಾರೆ. ದೃಷ್ಟಿ ತೆಗೆಸಿ, ಹರಕೆ ಹೊತ್ತುಕೊಳ್ಳಿ, ಶಾಲೆಗೆ ಸೇರಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಹಿರಿಯರ ಈ ಮಾತುಗಳ ಹಿಂದೆ ಕಕ್ಕುಲಾತಿ ಇದೆ, ಅದನ್ನು ಅವಮಾನಿಸಬೇಕಾಗಿಲ್ಲ. ಮಾತು ಮಾತ್ರ ತಡವಾಗಿ ಬರುವ ಮಕ್ಕಳು ಇದ್ದಾರೆಂಬುದೂ ನಿಜ. ಆದರೆ ಅಂಥ ಮಗು ಮಾತಿಲ್ಲದೆಯೂ ಸನ್ನೆಯಲ್ಲಿ, ಕಣ್ಣಿನಲ್ಲಿ, ಬೆರಳಿನಲ್ಲಿ ಇಡೀ ದಿನ ನಿಮ್ಮೊಡನೆ ‘ಮಾತನಾಡುತ್ತಿರುತ್ತದೆ’. ಆ ಮೂಕ ಸಂಭಾಷಣೆಯೇ ಇಲ್ಲದಿದ್ದಾಗ ಹರಕೆ ಹೊರುವುದರ ಜೊತೆಗೇ ತಪಾಸಣೆಗೂ ಹೋಗಿ ಎಂದಷ್ಟೇ ನನ್ನ ಕೋರಿಕೆ. ತಪಾಸಣೆಯಿಂದ ಮಗುವಿಗೆ ನಷ್ಟವಿಲ್ಲ. ಮಿದುಳು ಅತಿ ವೇಗವಾಗಿ ಬೆಳೆಯುವ ಮೊದಲ ಮೂರು ವರ್ಷಗಳಲ್ಲಿ ಒಂದು ವರ್ಷ ಕಳೆದುಹೋದರೆ ಅದು ದೊಡ್ಡ ನಷ್ಟ.

ಕಾರಣಗಳು, ಮತ್ತು ಕಾರಣವಲ್ಲದವು

ಆಟಿಸಂಗೆ ಒಂದೇ ಕಾರಣವಿಲ್ಲ. ಆನುವಂಶಿಕತೆಯ ಪಾಲು ಎಲ್ಲಕ್ಕಿಂತ ದೊಡ್ಡದು ಎಂಬುದು ಮಾತ್ರ ಸ್ಪಷ್ಟವಾಗಿದೆ. 1977ರಲ್ಲಿ ಬ್ರಿಟನ್ನಿನ 21 ಅವಳಿ ಜೋಡಿಗಳ ಅಧ್ಯಯನ ಈ ದಿಕ್ಕನ್ನು ಮೊದಲು ತೋರಿಸಿತು. 2019ರಲ್ಲಿ ಐದು ದೇಶಗಳ 20 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರು, ಆಟಿಸಂ ಉಂಟಾಗುವುದರಲ್ಲಿ ಕಾಣುವ ವ್ಯತ್ಯಾಸದ ಸುಮಾರು ಶೇಕಡ 80ರಷ್ಟು ಆನುವಂಶಿಕವೆಂದು ಅಂದಾಜಿಸಿದರು. ಇದರರ್ಥ ತಂದೆಯ ಅಥವಾ ತಾಯಿಯ ಮನೆತನದಲ್ಲಿ ‘ದೋಷ’ ಹುಡುಕಬೇಕೆಂದಲ್ಲ. ನೂರಾರು ಜೀನ್‌ಗಳು ತಲಾ ಅಷ್ಟಿಷ್ಟು ಪ್ರಭಾವ ಬೀರುತ್ತವೆ. ಕೆಲವು ಬದಲಾವಣೆಗಳು ತಂದೆತಾಯಿಯಲ್ಲಿ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಮೂಡುತ್ತವೆ. ಫ್ರಾಜೈಲ್ ಎಕ್ಸ್, ಟ್ಯೂಬರಸ್ ಸ್ಕ್ಲೆರೋಸಿಸ್‌ನಂತಹ ನಿರ್ದಿಷ್ಟ ಆನುವಂಶಿಕ ಸ್ಥಿತಿಗಳು ಕೆಲವು ಮಕ್ಕಳಲ್ಲಿ ಮಾತ್ರ ಕಂಡುಬರುತ್ತವೆ.

ತಂದೆತಾಯಿಯ ಹೆಚ್ಚಿನ ವಯಸ್ಸು, ಅವಧಿಪೂರ್ವ ಹೆರಿಗೆ, ಕಡಿಮೆ ಜನನ ತೂಕ, ಗರ್ಭಿಣಿಗೆ ತಗುಲಿದ ರುಬೆಲ್ಲಾ ಸೋಂಕು, ಗರ್ಭಾವಸ್ಥೆಯಲ್ಲಿ ಸೇವಿಸಿದ ವಾಲ್‌ಪ್ರೊಯೇಟ್ ಎಂಬ ಮೂರ್ಛೆರೋಗದ ಔಷಧ ಇವು ಸಂಭವವನ್ನು ಹೆಚ್ಚಿಸುವ ಅಂಶಗಳು. ಇವು ಇದ್ದರೂ ಹೆಚ್ಚಿನ ಮಕ್ಕಳಿಗೆ ಆಟಿಸಂ ಬರುವುದಿಲ್ಲ. ಮೂರ್ಛೆರೋಗಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವ ಮಹಿಳೆಯರು ಇದನ್ನೋದಿ ತಾವಾಗಿಯೇ ಔಷಧ ನಿಲ್ಲಿಸಬಾರದು; ಗರ್ಭ ಧರಿಸುವ ಯೋಚನೆ ಇರುವಾಗಲೇ ವೈದ್ಯರೊಡನೆ ಮಾತನಾಡಿ ಔಷಧ ಬದಲಿಸಿಕೊಳ್ಳಬೇಕು.

ತಾಯಿಯ ಪ್ರೀತಿ ಸಾಲದಿರುವುದರಿಂದ ಆಟಿಸಂ ಬರುತ್ತದೆಂಬ ವಾದ ಕಳೆದ ಶತಮಾನದ ನಡುಭಾಗದಲ್ಲಿ ಪಶ್ಚಿಮದಲ್ಲಿ ಚಾಲ್ತಿಯಲ್ಲಿತ್ತು, ಅಸಂಖ್ಯಾತ ತಾಯಂದಿರನ್ನು ಅದು ಸುಟ್ಟಿತು. ಅದು ಸುಳ್ಳೆಂದು ಸಾಬೀತಾಗಿ ದಶಕಗಳೇ ಕಳೆದಿವೆ. ಹಾಗಿದ್ದೂ ನಮ್ಮಲ್ಲಿ ‘ತಾಯಿ ಕೆಲಸಕ್ಕೆ ಹೋದಳು, ಮಗು ಹೀಗಾಯಿತು’ ಎಂದು ಹೇಳುವವರಿದ್ದಾರೆ. ಆ ಮಾತಿಗೆ ಯಾವ ಆಧಾರವೂ ಇಲ್ಲ. ಮನೆಯವರು ಅದನ್ನು ಆ ತಾಯಿಯ ಕಿವಿಗೆ ಬೀಳದಂತೆ ತಡೆಯಬೇಕು.

ಲಸಿಕೆಯ ಅಪವಾದದ ಕಥೆಯನ್ನು ಚೆನ್ನಾಗಿ ತಿಳಿದಿರುವುದು ಒಳ್ಳೆಯದು. 1998ರಲ್ಲಿ ಆಂಡ್ರೂ ವೇಕ್‌ಫೀಲ್ಡ್ ಎಂಬ ಬ್ರಿಟಿಷ್ ವೈದ್ಯ ಕೇವಲ 12 ಮಕ್ಕಳ ವಿವರದೊಂದಿಗೆ, ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆಯತ್ತ ಅನುಮಾನದ ಬೆರಳು ತೋರಿದ ಪ್ರಬಂಧವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು, ಅದೇ ವರ್ಷ ಅವರ ಹೆಸರನ್ನು ವೈದ್ಯರ ನೋಂದಣಿಯಿಂದ ತೆಗೆದುಹಾಕಲಾಯಿತು. 2019ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನ 6,57,461 ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ, ಈ ಲಸಿಕೆಯಿಂದ ಆಟಿಸಂನ ಸಂಭವ ಹೆಚ್ಚುವುದಿಲ್ಲವೆಂದು ಕಂಡುಕೊಂಡಿತು. ಆಟಿಸಂನ ಲಕ್ಷಣಗಳು ಎದ್ದುಕಾಣುವ ವಯಸ್ಸೂ ಈ ಲಸಿಕೆ ಹಾಕಿಸುವ ವಯಸ್ಸೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ತಂದೆತಾಯಿಗೆ ಎರಡಕ್ಕೂ ನಂಟಿದೆ ಎನಿಸುವುದು ಸಹಜ. ಆದರೆ ಆ ಭಯದಿಂದ ಲಸಿಕೆ ತಪ್ಪಿಸಿದರೆ ಮಗುವನ್ನು ದಡಾರಕ್ಕೆ ಒಡ್ಡಿದಂತಾಗುತ್ತದೆ.

ಮೊಬೈಲ್ ವಿಷಯ ಸ್ವಲ್ಪ ಬೇರೆ. ಪರದೆ ನೋಡುವುದರಿಂದ ಆಟಿಸಂ ಉಂಟಾಗುತ್ತದೆಂದು ಹೇಳಲು ಆಧಾರವಿಲ್ಲ, ಈಚೆಗೆ ಕೇಳಿಬರುವ ‘ವರ್ಚುವಲ್ ಆಟಿಸಂ’ ಎಂಬ ಹೆಸರು ವೈದ್ಯಕೀಯ ಕೈಪಿಡಿಗಳಲ್ಲಿ ಇಲ್ಲ. ಆದರೆ ಗಂಟೆಗಟ್ಟಲೆ ಪರದೆಯ ಮುಂದೆ ಕುಳಿತ ಮಗುವಿಗೆ ಮನುಷ್ಯರ ಮುಖ ನೋಡುವ, ಸದ್ದಿಗೆ ಸದ್ದು ಕೊಡುವ ಅವಕಾಶ ಅಷ್ಟರಮಟ್ಟಿಗೆ ತಪ್ಪುತ್ತದೆ. ಎರಡು ವರ್ಷದೊಳಗೆ ಪರದೆ ಬೇಡ, ನಂತರ ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ನೀಡಿದೆ. ಮೊಬೈಲ್ ಕಸಿದು ‘ಆರು ತಿಂಗಳು ನೋಡೋಣ’ ಎಂದು ತಪಾಸಣೆಯನ್ನು ಮುಂದೂಡುವುದು ಮಾತ್ರ ತಪ್ಪು; ಎರಡೂ ಒಟ್ಟಿಗೆ ನಡೆಯಲಿ.

ತಪಾಸಣೆಗೆ ಹೋಗುವುದು ಎಲ್ಲಿಗೆ, ಹೇಗೆ

ಮೊದಲ ಹೆಜ್ಜೆ ಮಕ್ಕಳ ವೈದ್ಯರು. ಜ್ವರಕ್ಕೆಂದು ಹೋದಾಗ ಬಾಗಿಲ ಬಳಿ ನಿಂತು ಕೇಳುವ ಪ್ರಶ್ನೆ ಇದಲ್ಲ. ಬೆಳವಣಿಗೆಯ ವಿಷಯ ಮಾತನಾಡಬೇಕೆಂದೇ ಸಮಯ ಗೊತ್ತುಮಾಡಿಕೊಳ್ಳಿ. ನೀವು ಬರೆದಿಟ್ಟ ಪುಸ್ತಕ, ತಾಯಿ ಕಾರ್ಡ್, ಹೆರಿಗೆಯ ದಾಖಲೆಗಳನ್ನು ಒಯ್ಯಿರಿ. ಅದರೊಂದಿಗೆ ಎರಡೆರಡು ನಿಮಿಷದ ನಾಲ್ಕೈದು ವಿಡಿಯೊಗಳಿರಲಿ: ಹೆಸರು ಕರೆದಾಗ, ಊಟದ ಹೊತ್ತಿನಲ್ಲಿ, ಒಬ್ಬನೇ ಆಡುವಾಗ, ಬೇರೆ ಮಕ್ಕಳ ನಡುವೆ, ಹಠ ಮಾಡುವಾಗ. ಹತ್ತು ನಿಮಿಷದ ಭೇಟಿಯಲ್ಲಿ ಹೆದರಿ ಮುದುಡಿದ ಮಗು ತೋರಿಸದ್ದನ್ನು ಈ ವಿಡಿಯೊಗಳು ತೋರಿಸುತ್ತವೆ. ‘ಕಾದು ನೋಡಿ’ ಎಂಬ ಉತ್ತರ ಬಂದರೆ, ಎಷ್ಟು ದಿನ ಕಾಯಬೇಕು, ಅಷ್ಟರಲ್ಲಿ ಏನು ಬದಲಾಗದಿದ್ದರೆ ಮುಂದೇನು ಎಂದು ವಿನಯದಿಂದಲೇ ಕೇಳಿ. ಸಮಾಧಾನವಾಗದಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ನಿಮ್ಮ ಹಕ್ಕು.

ಮಾತು ತಡವಾದ ಪ್ರತಿ ಮಗುವಿಗೂ ಶ್ರವಣ ಪರೀಕ್ಷೆ ಆಗಲೇಬೇಕು. ಬೆರಾ ಎಂಬ ಪರೀಕ್ಷೆಯಲ್ಲಿ ಮಗು ನಿದ್ದೆಯಲ್ಲಿರುವಾಗಲೇ, ಶಬ್ದಕ್ಕೆ ಶ್ರವಣನರ ಸ್ಪಂದಿಸುತ್ತಿದೆಯೇ ಎಂದು ನೋಡುತ್ತಾರೆ, ನೋವಿಲ್ಲ. 16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿಯನ್ನು ಪೋಷಕರಿಂದ ತುಂಬಿಸುತ್ತಾರೆ. 0ರಿಂದ 2 ಅಂಕ ಬಂದರೆ ಸಂಭವ ಕಡಿಮೆ, 3ರಿಂದ 7 ಬಂದರೆ ಮತ್ತಷ್ಟು ಪ್ರಶ್ನೆ ಕೇಳಿ ಖಚಿತಪಡಿಸಿಕೊಳ್ಳಬೇಕು, 8 ಅಥವಾ ಹೆಚ್ಚಾದರೆ ನೇರವಾಗಿ ಪೂರ್ಣ ತಪಾಸಣೆಗೆ ಕಳುಹಿಸಬೇಕು. ಇದು ಜರಡಿ ಮಾತ್ರ. ಅಂಕ ಹೆಚ್ಚು ಬಂದ ಮಾತ್ರಕ್ಕೆ ಆಟಿಸಂ ಎಂದಲ್ಲ, ಕಡಿಮೆ ಬಂದರೂ ನಿಮ್ಮ ಅನುಮಾನ ಉಳಿದಿದ್ದರೆ ಸುಮ್ಮನಾಗಬೇಕೆಂದೂ ಅಲ್ಲ.

ಸರ್ಕಾರಿ ದಾರಿಯೂ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯ ತಂಡಗಳು ಅಂಗನವಾಡಿಗಳಿಗೂ ಶಾಲೆಗಳಿಗೂ ಭೇಟಿ ನೀಡುತ್ತವೆ. ಅವರು ನೋಡುವ ಪಟ್ಟಿಯಲ್ಲಿ ಬೆಳವಣಿಗೆಯ ವಿಳಂಬ ಮತ್ತು ಆಟಿಸಂ ಸೇರಿವೆ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ಜಿಲ್ಲಾ ಮಟ್ಟದ ಶೀಘ್ರ ಮಧ್ಯಪ್ರವೇಶ ಕೇಂದ್ರಕ್ಕೆ ಮಗುವನ್ನು ಕಳುಹಿಸಿಕೊಡಲು ಕೇಳಬಹುದು. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆರಡೂ ಕೇಂದ್ರ ಸರ್ಕಾರದ ಸಂಸ್ಥೆಗಳು, ಕನ್ನಡದಲ್ಲೇ ಮಾತನಾಡಿ ತಪಾಸಣೆ ಮಾಡಿಸಿಕೊಳ್ಳಬಹುದಾದ ಸ್ಥಳಗಳು.

ರಕ್ತ ಪರೀಕ್ಷೆಯಾಗಲಿ ಮಿದುಳಿನ ಸ್ಕ್ಯಾನ್ ಆಗಲಿ ಆಟಿಸಂ ಇದೆ ಅಥವಾ ಇಲ್ಲ ಎಂದು ಹೇಳಲಾರದು. ತಜ್ಞರು ಪೋಷಕರನ್ನು ವಿವರವಾಗಿ ಪ್ರಶ್ನಿಸಿ, ಮಗುವಿನೊಡನೆ ಆಡಿ, ನಡವಳಿಕೆಯನ್ನು ನೋಡಿ ನಿರ್ಣಯಕ್ಕೆ ಬರುತ್ತಾರೆ. ಮೂರ್ಛೆ ಬರುತ್ತಿದ್ದರೆ, ಕಲಿತದ್ದು ಮರೆತುಹೋಗಿದ್ದರೆ, ತಲೆಯ ಗಾತ್ರ ಅಥವಾ ಚರ್ಮದ ಮಚ್ಚೆಗಳು ಬೇರೇನನ್ನೋ ಸೂಚಿಸಿದರೆ ಮಾತ್ರ ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ, ಸ್ಕ್ಯಾನ್‌ಗಳ ಅಗತ್ಯ ಬೀಳಬಹುದು. ಅನುಭವಿ ತಜ್ಞರು ಎರಡು ವರ್ಷದ ಹೊತ್ತಿಗೆ ಮಾಡಿದ ನಿರ್ಣಯ ಸಾಮಾನ್ಯವಾಗಿ ನಂಬಲರ್ಹ.

ಕಾಯುವ ದಿನಗಳಲ್ಲಿ

ದೊಡ್ಡ ಆಸ್ಪತ್ರೆಯಲ್ಲಿ ಸರದಿ ಬರಲು ತಿಂಗಳುಗಳೇ ಹಿಡಿಯಬಹುದು. ನೆರವು ಆರಂಭಿಸಲು ನಿರ್ಣಯದ ಕಾಗದ ಬೇಕಿಲ್ಲ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳೊಡನೆ ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ತರಬೇತಿ ಪಡೆದು, ಮಗುವಿನ ಆಸಕ್ತಿಯನ್ನು ಹಿಂಬಾಲಿಸಿ ಸ್ಪಂದಿಸುವುದನ್ನು ಪೋಷಕರಿಗೆ ಕಲಿಸಿದರು. ಆ ಮಕ್ಕಳು ತಾವಾಗಿಯೇ ಸಂವಹನ ಆರಂಭಿಸುವುದು ಹೆಚ್ಚಾಯಿತು.

ಮನೆಯಲ್ಲಿ ಮಾಡಬೇಕಾದುದರ ತಿರುಳೂ ಅದೇ. ನೆಲದ ಮೇಲೆ, ಮಗುವಿನ ಕಣ್ಣಿನ ಮಟ್ಟಕ್ಕೆ ಎದುರಾಗಿ ಕುಳಿತುಕೊಳ್ಳಿ. ಮಗು ಚಕ್ರ ತಿರುಗಿಸುತ್ತಿದ್ದರೆ ಕಸಿದುಕೊಳ್ಳದೆ, ನೀವೂ ಒಂದು ಚಕ್ರ ತಿರುಗಿಸಿ ‘ತಿರುಗಿತು’ ಎನ್ನಿ, ನಿಲ್ಲಿಸಿ, ಕಾಯಿರಿ. ಐದು ಸೆಕೆಂಡಾದರೂ ಸುಮ್ಮನೆ ಕಾಯುವುದು ಹೇಳುವಷ್ಟು ಸುಲಭವಲ್ಲ, ಆದರೆ ಮಗುವಿನ ಸರದಿ ಬರುವುದು ಆ ಮೌನದಲ್ಲೇ. ವಾಕ್ಯಗಳನ್ನು ಚಿಕ್ಕದಾಗಿಸಿ. ‘ಇದೇನು ಹೇಳು, ಅದೇನು ಹೇಳು’ ಎಂದು ಪರೀಕ್ಷಿಸುವುದನ್ನು ಬಿಡಿ. ಬೇಕಾದ ವಸ್ತುವನ್ನೆಲ್ಲ ಕೇಳುವ ಮೊದಲೇ ಕೊಟ್ಟುಬಿಡದೆ, ಪಾರದರ್ಶಕ ಡಬ್ಬಿಯಲ್ಲಿಟ್ಟು, ಮಗು ನಿಮ್ಮತ್ತ ನೋಡಿದ ಕೂಡಲೇ, ಕೈ ಚಾಚಿದ ಕೂಡಲೇ ಆ ಪದ ಹೇಳಿ ಕೊಡಿ. ಉಯ್ಯಾಲೆ ತೂಗುತ್ತ ನಡುವೆ ನಿಲ್ಲಿಸಿ ‘ಇನ್ನೂ?’ ಎಂದು ಮುಖ ನೋಡಿ. ಸದ್ದಿಗೆ ಹೆದರುವ ಮಗುವಿದ್ದರೆ ಮಿಕ್ಸಿ ಹಾಕುವ ಮೊದಲು ತಿಳಿಸಿ.

ಭಾಷೆಯ ಬಗ್ಗೆ ಒತ್ತಿ ಹೇಳಬೇಕಾದುದಿದೆ. ಮಗು ಗೊಂದಲಕ್ಕೆ ಬೀಳುತ್ತದೆ, ಮನೆಯಲ್ಲೂ ಇಂಗ್ಲಿಷ್ ಮಾತ್ರ ಬಳಸಿ ಎಂಬ ಸಲಹೆಯನ್ನು ಬೆಂಗಳೂರಿನಲ್ಲೂ ವಿದೇಶದಲ್ಲಿರುವ ಕನ್ನಡ ಕುಟುಂಬಗಳಲ್ಲೂ ಕೇಳುತ್ತೇವೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಭಾಷೆ ಹಿಂದೆ ಬೀಳುತ್ತದೆಂದು ಈವರೆಗಿನ ಅಧ್ಯಯನಗಳು ತೋರಿಸಿಲ್ಲ. ನಿಮಗೆ ಸಲೀಸಾಗಿ ಲಾಲಿ ಹಾಡಲು, ಮುದ್ದಿಸಲು, ಗದರಲು ಬರುವ ಭಾಷೆ ಯಾವುದೋ, ಕನ್ನಡವೋ ತುಳುವೋ ಕೊಂಕಣಿಯೋ, ಅದರಲ್ಲೇ ಮಾತನಾಡಿ. ಅಜ್ಜ ಅಜ್ಜಿಯೊಡನೆ ಮಗುವಿಗಿರುವ ನಂಟೂ ಆ ಭಾಷೆಯಲ್ಲೇ ಉಳಿಯುತ್ತದೆ.

ವಾಕ್ ಚಿಕಿತ್ಸೆ, ದಿನನಿತ್ಯದ ಕೆಲಸಗಳನ್ನು ರೂಢಿಸುವ ಆಕ್ಯುಪೇಶನಲ್ ಥೆರಪಿ, ನಡವಳಿಕೆ ಮತ್ತು ಆಟದ ಮೂಲಕ ಕಲಿಸುವ ಕ್ರಮಗಳು ಮುಂದಿನ ದಾರಿ. ಆಟಿಸಂ ಅನ್ನು ಗುಣಪಡಿಸುವ ಮಾತ್ರೆ ಇಲ್ಲ. ನಿದ್ರಾಹೀನತೆ, ಮೂರ್ಛೆ, ತೀವ್ರ ಚಡಪಡಿಕೆಗಳಿಗೆ ಔಷಧ ಬೇಕಾಗಬಹುದು. ಸಂಪೂರ್ಣ ಗುಣವಾಗುವ ಭರವಸೆ ಕೊಟ್ಟು ಲಕ್ಷಾಂತರ ರೂಪಾಯಿ ಕೇಳುವವರಿಂದ ದೂರವಿರಿ. ಆಟಿಸಂಗೆ ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ದೇಹದಿಂದ ಲೋಹ ತೆಗೆಯುತ್ತೇವೆಂಬ ಕೀಲೇಶನ್ ಚಿಕಿತ್ಸೆಯಿಂದ 2005ರಲ್ಲಿ ಅಮೆರಿಕದಲ್ಲಿ ಐದು ವರ್ಷದ ಬಾಲಕನೊಬ್ಬ ಪ್ರಾಣ ಕಳೆದುಕೊಂಡ.

ನಿರ್ಣಯ ಖಚಿತವಾದ ಮೇಲೆ ಪ್ರಮಾಣಪತ್ರಕ್ಕೆ ಹಿಂಜರಿಯಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಗುರುತಿಸಿರುವ 21 ಸ್ಥಿತಿಗಳಲ್ಲಿ ಆಟಿಸಂ ಒಂದು. ಪ್ರಮಾಣಪತ್ರ ನೀಡುವಾಗ 40 ಅಂಶಗಳ ಭಾರತೀಯ ಆಟಿಸಂ ಮಾಪನವನ್ನು ಬಳಸುತ್ತಾರೆ. ಅದರಲ್ಲಿ 70ರಿಂದ 106 ಅಂಕ ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಹೆಚ್ಚಾದರೆ ತೀವ್ರ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ, ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ಒಂದು ಲಕ್ಷ ರೂಪಾಯಿವರೆಗಿನ ‘ನಿರಾಮಯ’ ಆರೋಗ್ಯ ವಿಮೆಗೆ, ಶಾಲೆಯಲ್ಲಿ ದೊರೆಯುವ ಸೌಲಭ್ಯಗಳಿಗೆ ಇದು ಬೇಕಾಗುತ್ತದೆ.

ಒಂದು ಮಗುವಿಗೆ ಆಟಿಸಂ ಇರುವ ಮನೆಯಲ್ಲಿ ನಂತರ ಹುಟ್ಟುವ ಮಕ್ಕಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಅದು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ತಮ್ಮನೋ ತಂಗಿಯೋ ಹುಟ್ಟಿದರೆ ಮೊದಲ ಲಸಿಕೆಯ ಭೇಟಿಯಲ್ಲೇ ಈ ವಿಷಯವನ್ನು ವೈದ್ಯರಿಗೆ ತಿಳಿಸಿ, ಒಂಬತ್ತು, ಹದಿನೆಂಟು ಮತ್ತು ಇಪ್ಪತ್ತನಾಲ್ಕು ತಿಂಗಳಿನಲ್ಲಿ ಬೆಳವಣಿಗೆಯ ತಪಾಸಣೆಯ ದಿನಾಂಕಗಳನ್ನು ತಾಯಿ ಕಾರ್ಡಿನ ಮೇಲೆಯೇ ಬರೆಸಿಕೊಳ್ಳಿ.